ನೊಗ ಮತ್ತು ಮೋಜು

ನಮ್ಮವನೊಬ್ಬ ತನ್ನ ಬದುಕು ಬರೆಯಲು ಕೂತರೆ ಎರಡು ಕಡೆಯವರು ಕಾಯುತ್ತಿರುತ್ತಾರೆ. ಮೇಲಿನ ಜಾತಿಯ ಓದುಗನಿಗೆ ಕಣ್ಣೀರು ಬೇಕು; ಅಯ್ಯೋ ಅಂದು ಹಗುರಾಗಿ ಮಲಗಬೇಕು. ನಮ್ಮವರಿಗೆ ವೀರ ಬೇಕು, ತೊಟ್ಟಿಲಲ್ಲೇ ಮುಷ್ಟಿ ಬಿಗಿದವನು. ಎರಡಕ್ಕೂ ಮಣಿದರೆ ಬರೆದವನಿಗೆ ಹೆಸರು ಬರುತ್ತೆ, ಬದುಕು ಸುಳ್ಳಾಗುತ್ತೆ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ಇವರಿಬ್ಬರ ಕೈಗೂ ಸಿಗಲಿಲ್ಲ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ನಮ್ಮ ಹುಡುಗರು ಹೊಡೆತ ತಿಂದರು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಕಾದ ಸೀಸ ಈ ಸಲ ಬೇರೆಯವರ ಕಿವಿಗೆ ಬಿತ್ತು. ಅದೇ ಕವಿ 1990ರ ದಶಕದಲ್ಲಿ 'ಊರುಕೇರಿ' ಬರೆದರು.

ಹುಡುಗ ಮನೆ ಮೇಲೆ ಹತ್ತಿ ನೋಡ್ತಾನೆ. ಹೊಲದಲ್ಲಿ ಇಬ್ಬರ ಹೆಗಲಿಗೆ ನೊಗ ಹೂಡಿ ಇನ್ನೊಬ್ಬ ಹಿಂದಿನಿಂದ ಉಳುತ್ತಿದ್ದಾನೆ. ಹುಡುಗನಿಗೆ ಅದು ಮೋಜು. ನೊಗ ಹೊತ್ತವರಲ್ಲಿ ಒಬ್ಬ ತನ್ನಪ್ಪ ಅಂತ ಗೊತ್ತಾದಾಗ ಸಂಕಟ.

ಗೆಳೆಯರೆ, ಇಲ್ಲಿ ಸ್ವಲ್ಪ ನಿಲ್ಲಿ. ಹೋರಾಟ ಕಂಡ, ನಲವತ್ತರ ಸುಮಾರಿನ ಕವಿಗೆ ಆ ಹುಡುಗನ ಕಣ್ಣಲ್ಲಿ ಬೆಂಕಿ ಇಡೋದು ಎಷ್ಟು ಹೊತ್ತಿನ ಕೆಲಸ? ಇಡಲಿಲ್ಲ. ಮೊದಲು ಕಂಡದ್ದು ಮೋಜು, ಮೋಜು ಅಂತಲೇ ಬರೆದರು. ಮನುಷ್ಯರು ಎತ್ತಾಗಿರೋದು ಕೇರಿಯ ಕೂಸಿಗೂ ಆಟವಾಗಿ ಕಾಣುವಷ್ಟು ಈ ವ್ಯವಸ್ಥೆ ಹಳೆಯದು. ಸಿಟ್ಟು ಬೆರೆಸಿದ್ದರೆ ಅದು ಮುಚ್ಚಿಹೋಗುತ್ತಿತ್ತು.

ಮರಾಠಿಯಲ್ಲಿ ದಯಾ ಪವಾರರ 'ಬಲುತ' 1978ರಲ್ಲಿ ಬಂದಾಗ, ಮನೆ ಗುಟ್ಟು ಬೀದಿಗೆ ಬಂತೆಂದು ಓದಿದ ದಲಿತರೇ ಕೆಲವರು ಮುಜುಗರಪಟ್ಟರು. ಅರವಿಂದ ಮಾಲಗತ್ತಿ 1994ರಲ್ಲಿ ಚುಚ್ಚುಮಾತನ್ನೇ ಎತ್ತಿಕೊಂಡು 'ಗೌರ್ಮೆಂಟ್ ಬ್ರಾಹ್ಮಣ' ಅಂತ ಪುಸ್ತಕಕ್ಕೆ ಹೆಸರಿಟ್ಟರು.

'ಊರುಕೇರಿ'ಯ ನಗು ಹೋರಾಟದ ಮೊನೆ ಮುರಿಯಿತು ಅನ್ನುವವರಿದ್ದಾರೆ. ಡಿ.ಆರ್. ನಾಗರಾಜ್ ಆ ನಗುವಿನಲ್ಲಿ ಬಡವರ ಶಕ್ತಿ ಕಂಡರು. ಮೊದಲ ಭಾಗದ ಮಟ್ಟಿಗೆ ನಾನು ನಾಗರಾಜರ ಕಡೆ. ಸ್ಮಶಾನದಲ್ಲಿ ಕೂತು ಓದುವ ಹುಡುಗ ತನ್ನನ್ನೇ ನಗೆಪಾಟಲು ಮಾಡಿಕೊಳ್ಳುತ್ತಾನೆ. ಅಲ್ಲಿ ಜಂಬಕ್ಕೆ ಜಾಗ ಕಮ್ಮಿ. ಕವಿ 1988ರಲ್ಲಿ ವಿಧಾನ ಪರಿಷತ್ತಿಗೆ ಹೋದರು. ಮುಂದಿನ ಭಾಗಗಳನ್ನು ಓದುವಾಗ ನಗು ಯಾರ ಕಡೆ ತಿರುಗಿದೆ ಅಂತ ನಾವು ಕೇಳಲೇಬೇಕು. ಕೇಳಿದರೆ ಅವರಿಗೆ ಅವಮಾನವಲ್ಲ.

2021ರ ಜೂನ್ 11ರಂದು ಅವರು ತೀರಿಕೊಂಡರು. ರಾಮನಗರದಲ್ಲಿ ಗೂಡು ಬೇಯಿಸೋ ಬಿಸಿನೀರಿಗೆ ಬೆರಳು ಕೊಟ್ಟವಳು, ಕನಕಪುರದ ಬಂಡೆ ಒಡೆದವನು, ಚನ್ನಪಟ್ಟಣದ ಬೊಂಬೆಗೆ ಅರಗು ಹಚ್ಚಿದವನು ಇನ್ನೂ ಬರೆಯಬೇಕು. ಅವರ ಮುಂದೆಯೂ ಆ ಎರಡು ಕಡೆಯವರು ಈಗಾಗಲೇ ಬಂದು ಕೂತಿದ್ದಾರೆ.