ಹಳೆಯ ಜಾವಾ, ಯೆಜ್ಡಿ ಕೊಳ್ಳುವ ಮುನ್ನ: ಹೊಳಪಿಗಿಂತ ದಾಖಲೆ ಮುಖ್ಯ

ಮೈಸೂರು: ಹಳೆಯ ವೇಗದ ವಾಹನವೆಂದರೆ ಹೊರದೇಶಗಳಲ್ಲಿ ಸಾಮಾನ್ಯವಾಗಿ ಕಾರುಗಳ ಹೆಸರು ಕೇಳಿಬರುತ್ತದೆ. ಮೈಸೂರಿನಲ್ಲಿ ಆ ಗೌರವ ಸಂದಿರುವುದು ಎರಡು ಚಕ್ರದ ವಾಹನಕ್ಕೆ. ನಗರದ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಜಾವಾ ಹಾಗೂ ಯೆಜ್ಡಿ ಮೋಟಾರು ಸೈಕಲುಗಳ ಉತ್ಪಾದನೆ 1996ರಲ್ಲಿ ನಿಂತುಹೋಯಿತು. ಆದರೂ ಅವುಗಳನ್ನು ಹುಡುಕಿ ಕೊಳ್ಳುವವರ ಉತ್ಸಾಹ ಕುಂದಿಲ್ಲ. ಯಾದವಗಿರಿಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿರುವ ವಿಜಯನಗರದಂತಹ ಬಡಾವಣೆಯ ರಸ್ತೆಗಳಲ್ಲಿ ಭಾನುವಾರ ಬೆಳಿಗ್ಗೆ ಜೋಡಿ ಸೈಲೆನ್ಸರಿನ ಸದ್ದು ಕೇಳಿದರೆ ಹಿರಿಯರು ತಿರುಗಿ ನೋಡದೆ ಇರಲಾರರು.

ಈ ಉತ್ಸಾಹವೇ ಹಲವೊಮ್ಮೆ ನಷ್ಟಕ್ಕೂ ದಾರಿ ಮಾಡಿಕೊಡುತ್ತದೆ. ಬಣ್ಣ ಹಾಗೂ ಕ್ರೋಮಿನ ಹೊಳಪಿಗೆ ಮರುಳಾಗಿ ಹಣ ಕೊಟ್ಟು, ಬಳಿಕ ವಾಹನವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಾಗದೆ ಪರದಾಡುವವರಿದ್ದಾರೆ. ಹಳೆಯ ವಾಹನದಲ್ಲಿ ಕೆಟ್ಟ ಎಂಜಿನ್ನನ್ನು ಸರಿಪಡಿಸಬಹುದು, ಕೆಟ್ಟ ದಾಖಲೆಯನ್ನು ಸರಿಪಡಿಸುವುದು ಬಹುಪಾಲು ಅಸಾಧ್ಯ. ಕೊಳ್ಳುವವರು ಮೊದಲು ಅರಿಯಬೇಕಾದ ಸಂಗತಿ ಇದೇ.

ಯಾದವಗಿರಿಯ ಕಾರ್ಖಾನೆ

ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆ 1929ರಲ್ಲಿ ಹುಟ್ಟಿತು. ಸ್ಥಾಪಕ ಯಾನೆಚೆಕ್ ಅವರ ಹೆಸರಿನ ಮತ್ತು ಜರ್ಮನಿಯ ವಾಂಡರರ್ ಕಂಪೆನಿಯ ಹೆಸರಿನ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯಿತು. ಭಾರತದಲ್ಲಿ ರುಸ್ತುಂ ಇರಾನಿ ಅವರ ನೇತೃತ್ವದ ಐಡಿಯಲ್ ಜಾವಾ ಸಂಸ್ಥೆಯು ಜೆಕ್ ಪರವಾನಗಿಯೊಂದಿಗೆ 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ಉತ್ಪಾದನೆ ತೊಡಗಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಪ್ರೋತ್ಸಾಹ ಈ ಉದ್ಯಮಕ್ಕೆ ದೊರೆತಿತ್ತು.

1973ರ ಸುಮಾರಿಗೆ ಜಾವಾ ಹೆಸರು ಹೋಗಿ ಯೆಜ್ಡಿ ಬಂದಿತು. 1978ರಲ್ಲಿ ಬಂದ ರೋಡ್‌ಕಿಂಗ್ ಈ ಕಾರ್ಖಾನೆಯ ಅತಿ ಹೆಸರುವಾಸಿ ಮಾದರಿ. ಸುಮಾರು 250 ಸಿಸಿ ಸಾಮರ್ಥ್ಯದ, 16 ಅಶ್ವಶಕ್ತಿಯ ಈ ಟೂ ಸ್ಟ್ರೋಕ್ ವಾಹನ ರ‍್ಯಾಲಿ ಮತ್ತು ಮೋಟೋಕ್ರಾಸ್ ಸ್ಪರ್ಧೆಗಳಲ್ಲಿಯೂ ಓಡಿತು. 1980ರ ದಶಕದಲ್ಲಿ 350 ಸಿಸಿಯ ಜೋಡಿ ಸಿಲಿಂಡರಿನ ಯೆಜ್ಡಿಯೂ ಬಂದಿತು. ಆದರೆ ಅದೇ ದಶಕದಲ್ಲಿ ಜಪಾನಿ ತಂತ್ರಜ್ಞಾನದ, ಕಡಿಮೆ ಪೆಟ್ರೋಲು ಕುಡಿಯುವ 100 ಸಿಸಿ ವಾಹನಗಳು ಮಾರುಕಟ್ಟೆಗೆ ಲಗ್ಗೆಯಿಟ್ಟವು. ಅದರೊಡನೆ ಕಾರ್ಮಿಕ ಬಿಕ್ಕಟ್ಟು ಹಾಗೂ ಬಿಗಿಯಾದ ಹೊಗೆ ನಿಯಮಗಳೂ ಸೇರಿ ಕಾರ್ಖಾನೆಯನ್ನು ಕಂಗೆಡಿಸಿದವು. ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರಲ್ಲಿ ಜಾವಾ ಹೆಸರನ್ನೂ 2022ರಲ್ಲಿ ಯೆಜ್ಡಿ ಹೆಸರನ್ನೂ ಮರಳಿ ತಂದಿತಾದರೂ ಅವು ಹೊಸ ಫೋರ್ ಸ್ಟ್ರೋಕ್ ವಾಹನಗಳು. ಹಳೆಯ ಯಂತ್ರಕ್ಕೆ ಅವುಗಳ ಎಂಜಿನ್ ಭಾಗಗಳು ಹೊಂದುವುದಿಲ್ಲ.

ಮೊದಲು ನೋಡಬೇಕಾದ್ದು

ನೋಂದಣಿ ಪುಸ್ತಕದಲ್ಲಿರುವ ಎಂಜಿನ್ ಹಾಗೂ ಫ್ರೇಮ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವುದು ಮೊದಲ ಕೆಲಸ. ದಶಕಗಳ ಅವಧಿಯಲ್ಲಿ ಒಂದರ ಎಂಜಿನ್ ಇನ್ನೊಂದಕ್ಕೆ ಕೂತಿರುವುದು ಅಪರೂಪವಲ್ಲ. ಬದಲಾದ ಎಂಜಿನ್ ನೋಂದಣಿ ಪುಸ್ತಕದಲ್ಲಿ ದಾಖಲಾಗಿರಬೇಕು. ಸಂಖ್ಯೆಯ ಜಾಗವನ್ನು ಉಜ್ಜಿದ ಅಥವಾ ಮತ್ತೆ ಕೊರೆದ ಗುರುತು ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದೆ ಸರಿಯುವುದು ಲೇಸು. ಅಂತಹ ವಾಹನ ಕಳವಿನ ಮಾಲಾಗಿರುವ ಸಾಧ್ಯತೆಯೂ ಇರುತ್ತದೆ.

ಎರಡನೆಯದು, ಮಾರುವವರ ಹೆಸರು ಪುಸ್ತಕದಲ್ಲಿದೆಯೇ ಎಂಬುದು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು 30ಕ್ಕೆ ನೋಂದಾಯಿತ ಮಾಲೀಕರ ಸಹಿ ಬೇಕು. ಬೇರೆ ಊರಿನ ಆರ್‌ಟಿಓ ವ್ಯಾಪ್ತಿಯ ವಾಹನವಾದರೆ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಅಗತ್ಯ. ಎಂದೋ ತೆಗೆದ ಸಾಲದ ನಮೂದು ಪುಸ್ತಕದಲ್ಲಿ ಉಳಿದಿದ್ದರೆ ನಮೂನೆ 35ರ ಮೂಲಕ ಅದನ್ನು ತೆಗೆಸಬೇಕು. ಸಾಲ ಕೊಟ್ಟ ಸಂಸ್ಥೆಯೇ ಮುಚ್ಚಿಹೋಗಿದ್ದರೆ ಈ ಕೆಲಸ ಕಗ್ಗಂಟಾಗುತ್ತದೆ.

ತಂದೆಯವರು ಓಡಿಸುತ್ತಿದ್ದ ವಾಹನ ಮನೆಯಲ್ಲಿಯೇ ನಿಂತಿರುವ ಕುಟುಂಬಗಳಿಗೂ ಈ ಮಾತು ಅನ್ವಯಿಸುತ್ತದೆ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ಮೊದಲು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. 'ಮನೆಯದೇ ತಾನೆ' ಎಂದು ವರ್ಷಗಟ್ಟಲೆ ಮುಂದೂಡಿದಷ್ಟೂ ಮರಣ ಪ್ರಮಾಣಪತ್ರ, ವಂಶವೃಕ್ಷ, ಒಡಹುಟ್ಟಿದವರ ಒಪ್ಪಿಗೆ ಎಲ್ಲವನ್ನೂ ಒಟ್ಟುಗೂಡಿಸುವುದು ಕಷ್ಟವಾಗುತ್ತದೆ.

1989ಕ್ಕೆ ಮುಂಚಿನ ವಾಹನಗಳಿಗೆ 'ಎಂವೈ', 'ಎಂಇ', 'ಸಿಎ' ಮುಂತಾದ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆಗಳಿದ್ದವು. ಇವುಗಳಲ್ಲಿ ಹಲವು ಇನ್ನೂ ಕಂಪ್ಯೂಟರಿನ 'ವಾಹನ್' ದಾಖಲೆಗೆ ಸೇರಿಲ್ಲ. ಮುಂಗಡ ಕೊಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ, ಮೂಲ ದಾಖಲೆ ಅಲ್ಲಿ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳಿತು. ಮೈಸೂರು ನಗರದಲ್ಲಿ ಪಶ್ಚಿಮ ಕಚೇರಿಗೆ ಕೆಎ-09, ಪೂರ್ವ ಕಚೇರಿಗೆ ಕೆಎ-55 ಸಂಕೇತವಿದೆ.

ಎರಡು ಬಗೆಯ ನೋಂದಣಿ

ಖಾಸಗಿ ವಾಹನದ ಮೊದಲ ನೋಂದಣಿ 15 ವರ್ಷಗಳಿಗೆ ಸಿಂಧು. ಆನಂತರ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದಕ್ಕೆ ಶುಲ್ಕ ಮತ್ತು ಹಸಿರು ತೆರಿಗೆ ಕಟ್ಟಬೇಕು. ವಿಮೆ ಮತ್ತು ಹೊಗೆ ತಪಾಸಣಾ ಪ್ರಮಾಣಪತ್ರವೂ ಇರಬೇಕು. ನವೀಕರಣ ಹಲವು ವರ್ಷ ತಪ್ಪಿದ್ದರೆ ವಿಳಂಬದ ಹಣವೂ ಸೇರಬಹುದಾದ್ದರಿಂದ, ಅದನ್ನು ಯಾರು ಭರಿಸಬೇಕೆಂದು ವ್ಯಾಪಾರದ ಹಂತದಲ್ಲಿಯೇ ತೀರ್ಮಾನಿಸಿಕೊಳ್ಳಬೇಕು.

ಕೇಂದ್ರ ಸರಕಾರ 2021ರಲ್ಲಿ 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಎಂಜಿನ್, ಚಾಸಿ, ಹೊರಕವಚಗಳಲ್ಲಿ ದೊಡ್ಡ ಮಾರ್ಪಾಡಿಲ್ಲದ ಖಾಸಗಿ ವಾಹನಗಳು ಇದಕ್ಕೆ ಅರ್ಹ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿಯಾಯಿತು. ಅವಧಿ 10 ವರ್ಷ. ಈಗಾಗಲೇ ನೋಂದಾಯಿತವಾದ ವಾಹನ ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. 1960ರ ದಶಕದ ಜಾವಾಗಳು ಇದರ ವ್ಯಾಪ್ತಿಗೆ ಬರುತ್ತವೆ. 1978ರ ರೋಡ್‌ಕಿಂಗ್ 2028ರವರೆಗೆ ಕಾಯಬೇಕು.

ಆದರೆ ಇಲ್ಲಿ ಒಂದು ತೊಡಕಿದೆ. ವಿಂಟೇಜ್ ನೋಂದಣಿಯ ವಾಹನವನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಹಾಗೂ ದುರಸ್ತಿಯ ಸಲುವಾಗಿ ಮಾತ್ರ ರಸ್ತೆಗೆ ತರಬಹುದು. ವಿಜಯನಗರದಿಂದ ದೇವರಾಜ ಮಾರುಕಟ್ಟೆಗೆ ತರಕಾರಿ ತರಲು ಹೊರಡುವವರಿಗೆ ಅದು ಹೊಂದುವುದಿಲ್ಲ. ನಿತ್ಯ ಓಡಿಸುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯ ನವೀಕರಣವೇ ಸೂಕ್ತ.

ಎಂಜಿನ್ ಪರೀಕ್ಷೆ

ಎಂಜಿನ್ ತಣ್ಣಗಿರುವಾಗಲೇ ನೋಡಲು ಹೋಗುವುದು ಜಾಣತನ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಕುಂದುಗಳನ್ನು ಮುಚ್ಚಿಡುತ್ತದೆ. ಈ ವಾಹನಗಳಲ್ಲಿ ಕಿಕ್ಕರೇ ಗೇರಿನ ಲಿವರೂ ಹೌದು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಎಂಜಿನ್ ಶುರುವಾದ ಬಳಿಕ ಸ್ವಸ್ಥಾನಕ್ಕೆ ತಂದರೆ ಗೇರ್. ಗೇರ್ ಒತ್ತಿದಾಗ ಕ್ಲಚ್ ತಾನೇ ಬಿಡಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಇವೆರಡೂ ಸಲೀಸಾಗಿ ಕೆಲಸ ಮಾಡುತ್ತಿವೆಯೇ ಎಂದು ಪರೀಕ್ಷಿಸಬೇಕು.

ಟೂ ಸ್ಟ್ರೋಕ್ ಎಂಜಿನ್ ಸ್ವಲ್ಪ ಹೊಗೆಯಾಡುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಗೇರ್‌ಬಾಕ್ಸಿನ ಎಣ್ಣೆ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸವೆದಿದೆ ಎಂದರ್ಥ. ಸೀಲಿನ ಬೆಲೆ ಅಲ್ಪವಾದರೂ ಅದನ್ನು ಬದಲಾಯಿಸಲು ಎಂಜಿನ್ನಿನ ಒಂದು ಬದಿಯನ್ನಾದರೂ ಬಿಚ್ಚಬೇಕಾಗುತ್ತದೆ. ಸಿಲಿಂಡರನ್ನು ಎಷ್ಟು ಸಲ ಬೋರ್ ಮಾಡಿಸಲಾಗಿದೆ ಎಂದು ಕೇಳಿ ತಿಳಿಯಬೇಕು. ಪ್ರತಿ ಸಲವೂ ದೊಡ್ಡ ಅಳತೆಯ ಪಿಸ್ಟನ್ ಬೇಕಾಗುವುದರಿಂದ ಅದಕ್ಕೊಂದು ಮಿತಿಯಿದೆ.

ಕೊಂಡ ಬಳಿಕ

ಪೆಟ್ರೋಲಿನೊಡನೆ ಎಣ್ಣೆ ಬೆರೆಸುವುದನ್ನು ಒಮ್ಮೆ ಮರೆತರೂ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಲೀಟರಿಗೆ ಸುಮಾರು 40 ಮಿಲಿಲೀಟರು ಟೂ ಸ್ಟ್ರೋಕ್ ಎಣ್ಣೆ ಹಾಕುವುದು ವಾಡಿಕೆ. ದೇಶದಲ್ಲಿ 2025ರ ವೇಳೆಗೆ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಎಲ್ಲೆಡೆ ವ್ಯಾಪಿಸಿದ್ದು, ಹಳೆಯ ವಾಹನಗಳಿಗೆ ಇದು ಹೊಸ ತಲೆನೋವು. ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ, ಹಳೆಯ ರಬ್ಬರು ಕೊಳವೆಗಳು ಕೆಡುತ್ತವೆ. ವಾಹನವನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರನ್ನು ಖಾಲಿ ಮಾಡಿಡಬೇಕು. ಅದಕ್ಕಿಂತ ಉತ್ತಮ ಉಪಾಯವೆಂದರೆ ವಾರಕ್ಕೊಮ್ಮೆಯಾದರೂ ಓಡಿಸುವುದು.

ಬಿಡಿಭಾಗಗಳು ಮೈಸೂರಿನ ಹಳೆಯ ಗ್ಯಾರೇಜುಗಳಲ್ಲಿ ಹಾಗೂ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಪೇಟೆಗಳಲ್ಲಿ ಹುಡುಕಿದರೆ ಸಿಗುತ್ತವೆ. ಬಹುಪಾಲು ನಕಲು ತಯಾರಿಕೆಯವಾಗಿದ್ದು ಗುಣಮಟ್ಟ ಒಂದೇ ಸಮನಿರುವುದಿಲ್ಲ. ಹಾಗಾಗಿ ತೆಗೆದ ಮೂಲ ಭಾಗವನ್ನು ಎಸೆಯದೆ ಜೋಪಾನವಾಗಿಡುವುದು ಅನುಭವಿಗಳ ಪದ್ಧತಿ. ವಿಮೆ ಮಾಡಿಸುವಾಗ ವಾಹನದ ಮೌಲ್ಯವನ್ನು ಕಂಪೆನಿಯೊಡನೆ ಮಾತನಾಡಿ ನಿಗದಿಪಡಿಸಿಕೊಳ್ಳಬೇಕು. ಇಲ್ಲವಾದರೆ ವಾಹನ ಕಳವಾದಾಗ ದೊರೆಯುವುದು ಗುಜರಿಯ ಬೆಲೆ ಮಾತ್ರ.

ಬಿಡಿಭಾಗಕ್ಕಿಂತಲೂ ಬೇಗ ಕಡಿಮೆಯಾಗುತ್ತಿರುವುದು ಕೈಕಸುಬು. ಪಾಯಿಂಟ್ ಹೊಂದಿಸುವುದನ್ನೂ ಕ್ರ್ಯಾಂಕ್ ನೇರಗೊಳಿಸುವುದನ್ನೂ ಬಲ್ಲ ಮೆಕ್ಯಾನಿಕರ ತಲೆಮಾರಿಗೆ ವಯಸ್ಸಾಗಿದೆ. ಪ್ರತಿವರ್ಷ ಜುಲೈ ಎರಡನೆಯ ಭಾನುವಾರ ಆಚರಿಸಲಾಗುವ ಅಂತಾರಾಷ್ಟ್ರೀಯ ಜಾವಾ ದಿನದಂದು ಹಲವು ಊರುಗಳಲ್ಲಿ ಮಾಲೀಕರು ಒಂದೆಡೆ ಸೇರುತ್ತಾರೆ. ಹೊಸದಾಗಿ ಕೊಳ್ಳಬಯಸುವವರು ಹಣ ಕೊಡುವ ಮೊದಲು ಅಂತಹ ಒಂದು ಕೂಟಕ್ಕೆ ಹೋಗಿ, ನುರಿತ ಮೆಕ್ಯಾನಿಕರೊಬ್ಬರ ಪರಿಚಯ ಮಾಡಿಕೊಂಡು, ವಾಹನ ನೋಡಲು ಅವರನ್ನೂ ಜೊತೆಗೆ ಕರೆದೊಯ್ಯುವುದು ಕ್ಷೇಮ. ದಾಖಲೆ ಶುದ್ಧವಾಗಿದ್ದು ದುರಸ್ತಿ ಬಲ್ಲವರು ಹತ್ತಿರದಲ್ಲಿದ್ದರೆ ಮೈಸೂರಿನ ಈ ಯಂತ್ರಗಳು ಇನ್ನೂ ಹಲವು ವರ್ಷ ಓಡಬಲ್ಲವು.