ಸಂಯೋಜಿತ ದೇವಶಾಸ್ತ್ರ ಶಿಕ್ಷಣ (ಬೆಂಗಳೂರು)
ಒಂದು ಸಂಸ್ಥೆಯಲ್ಲಿ ಓದಿ, ಅದರೊಡನೆ ಸಂಯೋಜನೆಗೊಂಡ ಇನ್ನೊಂದು ಸಂಸ್ಥೆಯಿಂದ ದೇವಶಾಸ್ತ್ರದ ಪದವಿ ಪಡೆಯುವ ವ್ಯವಸ್ಥೆ. ಬೆಂಗಳೂರಿನಲ್ಲಿ ಇದರ ಎರಡು ಮುಖ್ಯ ಮಾದರಿಗಳಿವೆ.

ಪ್ರಾಟೆಸ್ಟೆಂಟ್ ಮಾದರಿ: ಹಲವು ಮಿಷನ್‌ಗಳು ಕೂಡಿ 1910ರಲ್ಲಿ ಸ್ಥಾಪಿಸಿದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಪಶ್ಚಿಮ ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್‌ಗೆ ಸಂಯೋಜಿತವಾಗಿದೆ. 1818ರಲ್ಲಿ ಆರಂಭವಾದ ಸೆರಾಂಪುರ ಕಾಲೇಜಿಗೆ ಪದವಿ ನೀಡುವ ಅಧಿಕಾರ ದೊರೆತದ್ದು 1827ರ ಡೇನಿಷ್ ರಾಜಸನ್ನದಿನಿಂದ. 1918ರ ಕಾಯ್ದೆ ಆ ಸನ್ನದಿಗೆ ಪೂರಕವಾಗಿ ಬಂತು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜು (1965) ಕೂಡ ಇದೇ ಸೆನೆಟ್‌ಗೆ ಸೇರಿದೆ. ಹೀಗಾಗಿ ಎರಡೂ ಕಡೆ ಓದಿದವರ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪ್ರಮಾಣಪತ್ರದ ಮೇಲೆ ಸೆರಾಂಪುರದ ಹೆಸರೇ ಇರುತ್ತದೆ.

ಕ್ಯಾಥೊಲಿಕ್ ಮಾದರಿ: ವೈಟ್‌ಫೀಲ್ಡ್‌ಗೆ ಹೋಗುವ ದಾರಿಯ ಕೃಷ್ಣರಾಜಪುರದಲ್ಲಿ ಸಲೇಷಿಯನ್ ಸಭೆಯ ಕ್ರಿಸ್ತು ಜ್ಯೋತಿ ಕಾಲೇಜಿದೆ. ಇದರ ಸಂಯೋಜನೆ ರೋಮ್‌ನ ಸಲೇಷಿಯನ್ ಪಾಂಟಿಫಿಕಲ್ ವಿಶ್ವವಿದ್ಯಾಲಯದೊಂದಿಗೆ. ಚರ್ಚ್ ನಿಯಮದಂತೆ ಸಂಯೋಜಿತ ಕೇಂದ್ರ ಪಾಠ ಹೇಳುತ್ತದೆ. ಸ್ನಾತಕ ಪದವಿಯನ್ನು ಮಾತೃ ವಿಶ್ವವಿದ್ಯಾಲಯದ ವಿಭಾಗ ಕೊಡುತ್ತದೆ. ಹೊಸೂರು ರಸ್ತೆಯ ಧರ್ಮಾರಾಮ್ ವಿದ್ಯಾಕ್ಷೇತ್ರ ಇದಕ್ಕೆ ಭಿನ್ನ: ಅದು ತಾನೇ ಪದವಿ ನೀಡಬಲ್ಲ ಪಾಂಟಿಫಿಕಲ್ ಸಂಸ್ಥೆ.

ಈ ಎರಡೂ ಮಾದರಿಗಳಿಗೆ ಸೇರದ ಕೇಂದ್ರವೂ ಇದೆ: ವೈಟ್‌ಫೀಲ್ಡ್‌ನಲ್ಲಿ ಎಂ. ಎ. ಥಾಮಸ್ 1963ರಲ್ಲಿ ಸ್ಥಾಪಿಸಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಸೆಮಿನರಿಯಲ್ಲ. ಬೇರೆ ಬೇರೆ ಸಭೆಗಳವರು ಒಟ್ಟಿಗೆ ಕಲಿತು ಚರ್ಚಿಸುವ ತಾಣ.