ಪಾಲಾರ್ ರಸ್ತೆ ಮತ್ತು ಪೋಲೆಂಡಿನ ಸಿನಿಮಾಗಳು

ಕಳೆದ ಸಲ ಊರಿಗೆ ಹೋದಾಗ ಅಜ್ಜಿಗೆ ಲ್ಯಾಪ್‌ಟಾಪಿನಲ್ಲಿ 'ದಿ ಹಂಟ್ ಫಾರ್ ವೀರಪ್ಪನ್' ಹಾಕಿ ತೋರಿಸಿದೆ. ನಮ್ಮ ಅಮ್ಮನ ತವರು ಹನೂರು ಸೀಮೆ. ತನ್ನ ಕಡೆಯ ಕಾಡು, ರಸ್ತೆ ಕಂಡರೆ ಖುಷಿಪಡಬಹುದು ಅಂತ ನನ್ನ ಲೆಕ್ಕ. ಇಪ್ಪತ್ತು ನಿಮಿಷ ಸುಮ್ಮನೆ ನೋಡಿದ ಅಜ್ಜಿ, "ಬುಡು ಮಗ, ಅವ್ನ ಮೊಕ ಏನ್ ನೋಡದು. ಆಗ ರಾತ್ರಿವೊತ್ತು ನಾಯಿ ಬೊಗುಳುದ್ರೆ ನಾವ್ ಎಂಗಿದ್ದೊ ಅನ್ನದು ಇದ್ರಲ್ಲಿ ಅದಾ?" ಅಂತ ಎದ್ದು ಹೋಯಿತು. ಅಜ್ಜಿ ಇವತ್ತಿಗೂ ಆ ಹೆಸರು ಹೇಳುವುದಿಲ್ಲ. ಬರೀ 'ಅವ್ನು'.

ಆ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿದೆ, ಅದಕ್ಕೇ ಇದನ್ನು ಬರೀತಿದೀನಿ.

ಪಾಲಾರ್ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ: ಮಲೆ ಮಹದೇಶ್ವರ ಬೆಟ್ಟ ದಾಟಿ ಮೆಟ್ಟೂರಿನ ಕಡೆ ಘಾಟಿ ಇಳಿದರೆ ಸಿಗುವ ಗಡಿ ಜಾಗ. ಒಂದು ಚೆಕ್‌ಪೋಸ್ಟ್, ಅದರಾಚೆ ತಮಿಳುನಾಡು. (ನಂದಿ ಬೆಟ್ಟದ ಕಡೆ ಹುಟ್ಟಿ ವೆಲ್ಲೂರಿಗೆ ಹೋಗುವ ಪಾಲಾರ್ ನದಿಯೇ ಬೇರೆ, ಇದು ಕಾವೇರಿಗೆ ಸೇರುವ ಹೊಳೆ.) ಇಲ್ಲಿಂದಲೇ ಗೋಪಿನಾಥಂಗೆ ದಾರಿ. 1993ರ ಏಪ್ರಿಲ್ 9ರಂದು ಪಾಲಾರ್ ಹತ್ತಿರದ ಸೊರಕಾಯಿಮಡುವಿನಲ್ಲಿ ನೆಲಬಾಂಬ್ ಸಿಡಿದು 22 ಜನ ಸತ್ತರು. ಪೊಲೀಸರು, ಅರಣ್ಯ ಕಾವಲುಗಾರರು, ಮಾಹಿತಿದಾರರು ಎಲ್ಲ ಅದರಲ್ಲಿದ್ದರು. ತಂಡದ ಮುಂದಾಳು, ತಮಿಳುನಾಡಿನ ಅಧಿಕಾರಿ ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡು ಬದುಕಿದರು. ಅದಕ್ಕೂ ಮುಂಚೆ 1991ರ ನವೆಂಬರಿನಲ್ಲಿ ಗೋಪಿನಾಥಂ ಬಳಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರ ಕೊಲೆ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ. ಅದೇ ವರ್ಷ ಆಗಸ್ಟಿನಲ್ಲಿ ಮೀಣ್ಯಂ ಹತ್ತಿರ ಎಸ್ಪಿ ಹರಿಕೃಷ್ಣ ಮತ್ತು ಶಕೀಲ್ ಅಹಮದ್ ಬಲಿ. 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರ ಅಪಹರಣ, ಡಿಸೆಂಬರಿನಲ್ಲಿ ಅವರ ಶವ. ರಾಜ್‌ಕುಮಾರ್ ಅವರ 108 ದಿನದ ಕಥೆ ನಿಮಗೇ ಗೊತ್ತು.

ಇದನ್ನು ಯುದ್ಧ ಅನ್ನಬಹುದಾ? ಸಿನಿಮಾದವರೇ ಅಂದಿದ್ದಾರೆ. 2013ರ 'ಅಟ್ಟಹಾಸ'ದ ತಮಿಳು ಹೆಸರು 'ವನಯುದ್ಧಂ'.

ಈಗ ಪೋಲೆಂಡ್ ಯಾಕೆ ಬಂತು ಅಂದ್ರೆ... ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಗೆಳೆಯನೊಬ್ಬನ ಹಾರ್ಡ್ ಡಿಸ್ಕಿನಲ್ಲಿ ಆಂದ್ರೇ ವಾಯ್ದಾನ ಸಿನಿಮಾಗಳಿದ್ದವು. 'ಕನಾಲ್' (1957) ನೋಡಿದ್ದೆ. 1944ರ ವಾರ್ಸಾ ದಂಗೆಯಲ್ಲಿ ಸೋತವರು ಚರಂಡಿಯೊಳಗೆ ತಪ್ಪಿಸಿಕೊಂಡು ಹೋಗುವ ಕಥೆ. ಆದರೆ ನನ್ನನ್ನು ಹಿಡಿದದ್ದು 'ಆಶಸ್ ಅಂಡ್ ಡೈಮಂಡ್ಸ್' (1958). ಅದು ನಡೆಯುವುದು 1945ರ ಮೇ 8ರಂದು, ಅಂದ್ರೆ ಯುರೋಪಿನಲ್ಲಿ ಯುದ್ಧ ಮುಗಿದ ದಿನ! ಮಾಚೆಕ್ ಅನ್ನೋ ಹುಡುಗನಿಗೆ ಒಬ್ಬ ಕಮ್ಯುನಿಸ್ಟ್ ನಾಯಕನನ್ನು ಕೊಲ್ಲುವ ಆದೇಶ ಇರುತ್ತೆ. ಶುರುವಿನಲ್ಲೇ ಗುರುತು ತಪ್ಪಿ ಇಬ್ಬರು ಸಿಮೆಂಟ್ ಕಾರ್ಖಾನೆಯ ಕೆಲಸಗಾರರನ್ನು ಕೊಂದುಬಿಡುತ್ತಾರೆ. ನಮ್ಮ ಸಿನಿಮಾ ಮುಗಿಯುವ ಕಡೆ ಅವರ ಸಿನಿಮಾ ಶುರುವಾಗುತ್ತೆ ಅಂತ ಆಗ ಹೊಳೆದಿರಲಿಲ್ಲ, ಅಜ್ಜಿ ಎದ್ದು ಹೋದ ಮೇಲೆ ಹೊಳೀತು.

ನೋಡಿ, ದೇವರಾಜ್ ಅಭಿನಯದ 'ವೀರಪ್ಪನ್' 1991ರಲ್ಲೇ ಬಂತು, ಅವನಿನ್ನೂ ಕಾಡಿನಲ್ಲಿದ್ದಾಗಲೇ. ಆಮೇಲೆ ಕಿಶೋರ್ ಮೀಸೆ ಹಚ್ಚಿದ 'ಅಟ್ಟಹಾಸ', 2016ರಲ್ಲಿ ಶಿವಣ್ಣನ 'ಕಿಲ್ಲಿಂಗ್ ವೀರಪ್ಪನ್'. ಈ ಕೊನೆಯ ಎರಡರಲ್ಲೂ ಕಥೆಯ ಗುರಿ 2004ರ ಅಕ್ಟೋಬರ್ 18ರ ರಾತ್ರಿ ಪಾಪಾರಪಟ್ಟಿಯ ಗುಂಡಿನ ಸದ್ದು. ಪ್ರೇಕ್ಷಕ ಶಿಳ್ಳೆ ಹೊಡೆದು ಮನೆಗೆ ಹೋದ. ಸರಿ, ಹನೂರಿನವರು ಎಲ್ಲಿಗೆ ಹೋಗಬೇಕು? :-)

ಪಾಲಾರ್ ಪ್ರಕರಣವನ್ನೇ ತಗೊಳ್ಳಿ. ಟಾಡಾ ಕಾಯ್ದೆಯಲ್ಲಿ ಹಿಡಿದ ನೂರಕ್ಕೂ ಹೆಚ್ಚು ಜನ ಮೈಸೂರಿನ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತು, 2001ರಲ್ಲಿ ಆರೋಪ ಸಾಬೀತಾಗದೆ ಬಿಡುಗಡೆಯಾದರು. ಶಿಕ್ಷೆಯಾದವರಲ್ಲಿ ನಾಲ್ವರ ಜೀವಾವಧಿಯನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಗಲ್ಲಿಗೆ ಏರಿಸಿ, 2014ರಲ್ಲಿ ಮತ್ತೆ ಜೀವಾವಧಿಗೆ ಇಳಿಸಿತು. ಕಾರ್ಯಪಡೆಯ ಮೇಲಿನ ಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. ಅದರ ಮೇಲೆ 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಲು ಹೇಳಿತು. ಇತ್ತ ಸತ್ತ ಪೇದೆಗಳ, ಕಾವಲುಗಾರರ ಮನೆಗಳೂ ಇವೆ. ಆ ಹೆಂಗಸರು ಮಕ್ಕಳನ್ನು ಹೇಗೆ ಸಾಕಿದರು? ಅವನಿಗೆ ಅಕ್ಕಿ ಕೊಟ್ಟೆಯಾ ಅಂತ ಇವರು, ನಮ್ಮ ಸುಳಿವು ಕೊಟ್ಟೆಯಾ ಅಂತ ಅವನು. ನಡುವೆ ಸಿಕ್ಕಿದವರ ಮೇಲೆ ಒಂದು ಕನ್ನಡ ಸಿನಿಮಾ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಸೆಲ್ವಮಣಿ ಸೆಲ್ವರಾಜ್ ಅವರ 2023ರ ಸಾಕ್ಷ್ಯಚಿತ್ರಕ್ಕೆ ಅನ್ಯಾಯ ಮಾಡಬಾರದು, ಅದರಲ್ಲಿ ಹಳ್ಳಿಯವರೂ ಮಾತಾಡುತ್ತಾರೆ. ಅಜ್ಜಿ ಅಲ್ಲಿಯ ತನಕ ಕೂರಲಿಲ್ಲ ಅಷ್ಟೆ. ಆದರೂ ಅದರ ಹೆಸರಿನಲ್ಲೇ ಬೇಟೆ ಇದೆ.

ಹಾಂ, ಹೋಲಿಕೆ ತೀರಾ ಎಳೆಯಬಾರದು. ಕಾತಿನ್ ಹತ್ಯಾಕಾಂಡದಲ್ಲಿ 1940ರಲ್ಲಿ ಕೊಂದದ್ದು ಸುಮಾರು 22 ಸಾವಿರ ಪೋಲಿಷರನ್ನು, ಅದರಲ್ಲಿ ವಾಯ್ದಾನ ಅಪ್ಪನೂ ಒಬ್ಬರು. ಕೊಂದವರು ತಾವೇ ಅಂತ ಸೋವಿಯತ್ ಒಪ್ಪಿದ್ದು 1990ರಲ್ಲಿ, ವಾಯ್ದಾ 'ಕಾತಿನ್' ತೆಗೆದದ್ದು 2007ರಲ್ಲಿ, 81ರ ವಯಸ್ಸಿಗೆ. ಹೇಳಗೊಡದ ಸರ್ಕಾರ ಇದ್ದಾಗಲೂ ಅವರು ಸುಮ್ಮನೆ ಕೂರಲಿಲ್ಲ. 1956ರ ಹೊತ್ತಿಗೆ ಬೋಸಾಕ್ ಮತ್ತು ಬ್ಜೊಜೋಫ್‌ಸ್ಕಿ 'ವಾರ್ಸಾ 1956' ಅನ್ನೋ ಪುಟ್ಟ ಸಾಕ್ಷ್ಯಚಿತ್ರದಲ್ಲಿ, ಯುದ್ಧ ಮುಗಿದು ಹನ್ನೊಂದು ವರ್ಷವಾದರೂ ಮುರುಕು ಕಟ್ಟಡಗಳಲ್ಲೇ ಬದುಕುತ್ತಿದ್ದವರನ್ನು ತೋರಿಸಿದರು. ಬಂದೂಕು ಇಲ್ಲ, ನಾಯಕ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೀಸ್ಲೋಫ್‌ಸ್ಕಿಯ 'ಟಾಕಿಂಗ್ ಹೆಡ್ಸ್' (1980). ಕಾಲು ಗಂಟೆಯ ಚಿತ್ರ. ಎಳೆ ಮಗುವಿನಿಂದ ಹಿಡಿದು ನೂರು ವರ್ಷದ ಮುದುಕಿಯವರೆಗೆ ಎಲ್ಲರಿಗೂ ಮೂರೇ ಪ್ರಶ್ನೆ. ಹುಟ್ಟಿದ್ದು ಯಾವಾಗ? ನೀವು ಯಾರು? ನಿಮಗೆ ಏನು ಬೇಕು? ಹುಟ್ಟಿದ ವರ್ಷ ತೆರೆಯ ಮೇಲೆ ಬಂದ ಹಾಗೆ ನಾವೇ ಲೆಕ್ಕ ಹಾಕ್ತೀವಿ, ಇವರು ಯುದ್ಧದಲ್ಲಿ ಎಷ್ಟು ದೊಡ್ಡವರಿದ್ದರು ಅಂತ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ಪಾಲಾರ್ ಚೆಕ್‌ಪೋಸ್ಟ್ ತನಕ ಯಾರಾದರೂ ಹೀಗೆ ಕ್ಯಾಮೆರಾ ಹಿಡಿದುಕೊಂಡು ಹೋದರೆ ಸಾಕು, ಖರ್ಚೂ ಕಮ್ಮಿ. ಅಂಥದ್ದು ಈಗಾಗಲೇ ಆಗಿದ್ದರೆ ದಯವಿಟ್ಟು ತಿಳಿಸಿ, ನೋಡ್ತೀನಿ.

ಮೊನ್ನೆ ಫೋನಿನಲ್ಲಿ ಅಜ್ಜಿಗೇ ಕೇಳಿ ನೋಡಿದೆ. ಹುಟ್ಟಿದ್ದು ಯಾವಾಗ ಅಂದ್ರೆ, "ಇಸ್ವಿ ಯಾರ್ ಬರ್ದಿದ್ರು, ನಿಮ್ಮವ್ವುನ್ಗೆ ಮೂರ್ ವರ್ಸ ಆಗಿದ್ದಾಗ ಬೆಟ್ಟಕ್ ನಡ್ಕೊಂಡ್ ಹೋಗಿದ್ದಿ, ಅಲ್ಲಿಂದ ಲೆಕ್ಕ ಹಾಕೊ" ಅಂತು. ನೀನು ಯಾರು ಅಂದಿದ್ದಕ್ಕೆ, ತಲೆ ಕೆಟ್ಟದಾ ಅಂತ ಬೈದು ಫೋನ್ ಅಮ್ಮನ ಕೈಗೆ ಕೊಟ್ಟುಬಿಟ್ಟಿತು. ಮೂರನೇದು ಹಬ್ಬಕ್ಕೆ ಹೋದಾಗ ಕೇಳಬೇಕು.